ಫಾರಿನ್‌ನಲ್ಲಿ ಸರ್ಜರಿ ಪೋಸ್ಟಿಂಗ್ ಹುಡುಕ್ತಿದ್ದೀರಾ? ದೇಶಕ್ಕಿಂತ ಮುಂಚೆ ಓಟಿಯಲ್ಲಿ ಎಲ್ಲಿ ನಿಲ್ಲಿಸ್ತಾರೆ ಅಂತ ಕೇಳಿ

ಫೈನಲ್ ಇಯರ್ ಹತ್ರ ಬರ್ತಿದ್ದ ಹಾಗೆ ಸರ್ಜರಿ ಮೇಲೆ ಮನಸ್ಸಿರೋ ಸ್ಟೂಡೆಂಟ್ಸ್ ಎಲ್ಲಾ ಕೇಳೋದು ಒಂದೇ, ಒಂದು ತಿಂಗಳು ಹೊರಗಡೆ ಹೋಗಿ ಆಪರೇಷನ್ ನೋಡ್ಬೇಕು, ಅಮೆರಿಕಾ ಒಳ್ಳೇದಾ, ಯುಕೆನಾ, ಜರ್ಮನಿನಾ ಅಂತ. ದೇಶದ ವಿಚಾರ ಆಮೇಲೆ ಇರ್ಲಿ. ಮೊದಲು ತಿಳ್ಕೋಬೇಕಾದ್ದು ಓಟಿ (ಆಪರೇಷನ್ ಥಿಯೇಟರ್) ಒಳಗೆ ನಿಮ್ಮನ್ನ ಎಲ್ಲಿ ನಿಲ್ಲಿಸ್ತಾರೆ ಅನ್ನೋದು. ಸ್ಕ್ರಬ್ ಮಾಡ್ಕೊಂಡು, ಅಂದ್ರೆ ಕೈ ಚೆನ್ನಾಗಿ ತೊಳ್ಕೊಂಡು, ಗೌನ್ ಗ್ಲೌಸ್ ಹಾಕ್ಕೊಂಡು ಟೇಬಲ್ ಪಕ್ಕ ನಿಲ್ಲೋಕೆ ಬಿಡ್ತಾರಾ, ಇಲ್ಲ ದಿನಾ ಎಂಟು ಗಂಟೆ ಗೋಡೆ ಪಕ್ಕ ನಿಂತು ನಾಲ್ಕು ಜನರ ಬೆನ್ನು ನೋಡ್ಬೇಕಾ? ಎರಡಕ್ಕೂ ಫೀಸು, ವೀಸಾ, ಫ್ಲೈಟು ಎಲ್ಲಾ ಹೆಚ್ಚುಕಮ್ಮಿ ಒಂದೇ ಖರ್ಚು, ಆದ್ರೆ ಕಲಿಯೋದ್ರಲ್ಲಿ ಅಜಗಜಾಂತರ.

ಹೆಸರುಗಳೇ ಮೊದಲ ಗೊಂದಲ. ಎಲೆಕ್ಟಿವ್ ಅಂದ್ರೆ ನೀವಿನ್ನೂ ಸ್ಟೂಡೆಂಟ್ ಆಗಿದ್ದಾಗ ನಿಮ್ಮ ಕಾಲೇಜು ಒಪ್ಪಿ ಕಳಿಸೋ ಪೋಸ್ಟಿಂಗ್, ಅಲ್ಲಿಯ ಸ್ಟೂಡೆಂಟ್ಸ್ ಮಾಡೋ ಕೆಲಸ ಒಂದಷ್ಟು ಮಟ್ಟಿಗೆ ನಿಮಗೂ ಸಿಗುತ್ತೆ. ಅಬ್ಸರ್ವರ್‌ಶಿಪ್ ಅಂದ್ರೆ ಹೆಸರೇ ಹೇಳೋ ಹಾಗೆ ಬರೀ ನೋಡೋದು, ಪೇಷಂಟನ್ನ ಮುಟ್ಟೋ ಹಾಗಿಲ್ಲ, ಕೇಸ್ ಶೀಟಲ್ಲಿ ಬರೆಯೋ ಹಾಗಿಲ್ಲ. ಯುಕೆಯಲ್ಲಿ ಓದು ಮುಗಿದ ಮೇಲೆ ಹೋದ್ರೆ ಅದನ್ನ ಕ್ಲಿನಿಕಲ್ ಅಟ್ಯಾಚ್‌ಮೆಂಟ್ ಅಂತಾರೆ. ಜರ್ಮನಿಯಲ್ಲಿ ಫಾಮುಲಾಟೂರ್ ಅಂತ ಒಂದಿದೆ, ಸ್ಟೂಡೆಂಟ್ಸ್ ರಜೆಯಲ್ಲಿ ಆಸ್ಪತ್ರೆಗೆ ಹೋಗಿ ಕೆಲಸ ಕಲಿಯೋದು, ಅದರದ್ದು ಬೇರೆನೇ ಲೆಕ್ಕ, ಮುಂದೆ ಬರೀತೀನಿ. ಇನ್ನು ಸ್ಟೂಡೆಂಟ್ ಸಂಘಗಳ ಮೂಲಕ ನಡೆಯೋ ಎಕ್ಸ್‌ಚೇಂಜ್. ಕೊನೇದಾಗಿ ದುಡ್ಡು ತಗೊಂಡು ಜಾಗ ಮಾಡಿಕೊಡೋ ಏಜೆನ್ಸಿಗಳು.

ಅಮೆರಿಕಾ: ಓದು ಮುಗಿಯೋ ಮುಂಚೆ ಹೋದ್ರೇನೇ ಲಾಭ

ಅಮೆರಿಕಾದಲ್ಲೇ ರೆಸಿಡೆನ್ಸಿ (ಡಿಗ್ರಿ ಆದ್ಮೇಲಿನ ಸ್ಪೆಷಲಿಸ್ಟ್ ಟ್ರೈನಿಂಗ್) ಮಾಡ್ಬೇಕು ಅಂತ ಗಟ್ಟಿ ಮನಸ್ಸಿದ್ರೆ ಮಾತ್ರ ಈ ದಾರಿ ಹಿಡೀರಿ ಅಂತ ನಾನು ಹೇಳ್ತೀನಿ, ಯಾಕಂದ್ರೆ ಇಲ್ಲಿ ಹೋಗೋ ಖರ್ಚು ಮತ್ತು ಪೇಪರ್ ಕೆಲಸಕ್ಕೆ ಸಿಗೋ ಪ್ರತಿಫಲ ಅಂದ್ರೆ ಮುಖ್ಯವಾಗಿ ರೆಕಮಂಡೇಶನ್ ಲೆಟರ್ರು. ಅದರಲ್ಲೂ ಎಲೆಕ್ಟಿವ್ ಮಾಡಿ ತಂದ ಲೆಟರ್‌ಗೆ ಇರೋ ತೂಕ ಅಬ್ಸರ್ವರ್‌ಶಿಪ್ ಲೆಟರ್‌ಗೆ ಇರಲ್ಲ. ಕಾರಣ ಸರಳ. ಎಲೆಕ್ಟಿವಲ್ಲಿ ನೀವು ಹಿಸ್ಟರಿ ತಗೊಂಡಿದ್ದು, ರೌಂಡ್ಸಲ್ಲಿ ಕೇಸ್ ಪ್ರೆಸೆಂಟ್ ಮಾಡಿದ್ದು, ಓಟಿಯಲ್ಲಿ ರಿಟ್ರಾಕ್ಟರ್ (ಕೊಯ್ದ ಜಾಗ ತೆರೆದಿಡೋ ಕೊಕ್ಕೆ) ಹಿಡಿದಿದ್ದು, ಕೊನೆಗೆ ಚರ್ಮಕ್ಕೆ ಎರಡು ಹೊಲಿಗೆ ಹಾಕಿದ್ದು ಎಲ್ಲಾ ಅಟೆಂಡಿಂಗ್, ಅಂದ್ರೆ ಅಲ್ಲಿಯ ಸೀನಿಯರ್ ಡಾಕ್ಟರ್, ಕಣ್ಣಾರೆ ನೋಡಿರ್ತಾರೆ, ಅದನ್ನೇ ಬರೀತಾರೆ. ಅಬ್ಸರ್ವರ್ ಬಗ್ಗೆ ಅವರು ಏನು ಬರೆಯೋಕಾಗುತ್ತೆ? ಸಮಯಕ್ಕೆ ಸರಿಯಾಗಿ ಬಂದ, ಒಳ್ಳೆ ಪ್ರಶ್ನೆ ಕೇಳಿದ, ಅಷ್ಟೇ.

ಎಲೆಕ್ಟಿವ್ ಸಿಗೋದು ಸ್ಟೂಡೆಂಟ್ಸ್‌ಗೆ, ಅದೂ ಸಾಮಾನ್ಯವಾಗಿ ಕೊನೇ ವರ್ಷದಲ್ಲಿರೋರಿಗೆ. ಡಿಗ್ರಿ ಕೈಗೆ ಬಂದ ದಿನ ಈ ಬಾಗಿಲು ಮುಚ್ಚಿ ಹೋಗುತ್ತೆ, ಆಮೇಲೆ ಉಳಿಯೋದು ಹೆಚ್ಚಾಗಿ ಅಬ್ಸರ್ವರ್‌ಶಿಪ್ಪೇ. ತುಂಬಾ ಜನಕ್ಕೆ ಇದು ಗೊತ್ತಾಗೋದೇ ಓದು ಮುಗಿದ ಮೇಲೆ, ಅದಕ್ಕೇ ಒತ್ತಿ ಹೇಳ್ತಿದ್ದೀನಿ. ಅರ್ಜಿ ಹಾಕೋಕೆ ಕೆಲವು ಯೂನಿವರ್ಸಿಟಿಗಳು ವಿಎಸ್‌ಎಲ್‌ಒ ಅನ್ನೋ ಕಾಮನ್ ವ್ಯವಸ್ಥೆ ಇಟ್ಕೊಂಡಿವೆ, ಅಮೆರಿಕನ್ ಮೆಡಿಕಲ್ ಕಾಲೇಜುಗಳ ಸಂಘ ಎಎಎಂಸಿ ನಡೆಸೋದು, ಆದ್ರೆ ಅದರಲ್ಲಿ ಹೋಗ್ಬೇಕಂದ್ರೆ ನಿಮ್ಮ ಕಾಲೇಜು ಕೂಡ ಸೇರಿರ್ಬೇಕು. ಸೇರಿಲ್ಲದಿದ್ರೆ ನೇರವಾಗಿ ಅರ್ಜಿ ತಗೊಳ್ಳೋ ಕಾಲೇಜುಗಳನ್ನ ಒಂದೊಂದಾಗಿ ಹುಡುಕ್ಬೇಕು. ಎಷ್ಟೋ ಕಡೆ ಯುಎಸ್‌ಎಂಎಲ್‌ಇ (ಅಮೆರಿಕಾದಲ್ಲಿ ಡಾಕ್ಟರ್ ಲೈಸೆನ್ಸ್‌ಗೆ ಬರೆಯೋ ಪರೀಕ್ಷೆ) ಸ್ಟೆಪ್ 1 ಕೇಳ್ತಾರೆ. 2022ರ ಜನವರಿಯಿಂದ ಸ್ಟೆಪ್ 1ಗೆ ಮಾರ್ಕ್ಸ್ ಇಲ್ಲ, ಬರೀ ಪಾಸು ಫೇಲು, ಹಾಗಾಗಿ ಲೆಟರ್‌ಗಳ ಮತ್ತು ಎಲೆಕ್ಟಿವ್‌ಗಳ ಮೇಲೆ ಎಲ್ಲರ ಗಮನ ಇನ್ನೂ ಜಾಸ್ತಿ ಆಗಿದೆ ಅನ್ನೋದು ನನ್ನ ಅಂದಾಜು. ವೀಸಾ ಸಾಮಾನ್ಯವಾಗಿ ಬಿ-1, ಸಂಬಳ ಇಲ್ಲದ ಕ್ಲಿನಿಕಲ್ ಎಲೆಕ್ಟಿವ್‌ಗೆ ಅದರಲ್ಲೇ ಅವಕಾಶ ಇದೆ. ಇಂಟರ್ವ್ಯೂಗೆ ಹೋಗುವಾಗ ಟೂರಿಸ್ಟ್ ಅಂತ ಹೇಳ್ಬೇಡಿ, ಆಸ್ಪತ್ರೆಯ ಲೆಟರ್ ತೋರಿಸಿ ಇದ್ದದ್ದು ಇದ್ದ ಹಾಗೆ ಹೇಳಿ.

ಇನ್ನೊಂದು ವಿಷಯ, ಅಮೆರಿಕಾದಲ್ಲಿ ಪೇಷಂಟ್ ಮಾಹಿತಿ ಗುಟ್ಟಾಗಿಡೋಕೆ 1996ರ ಹಿಪಾ ಕಾನೂನಿದೆ, ಅದರ ಟ್ರೈನಿಂಗ್ ಮುಗಿಸದೇ ಒಳಗೆ ಬಿಡಲ್ಲ. ಓಟಿ ಫೋಟೋ ತೆಗೆಯೋ ಯೋಚನೆನೂ ಬೇಡ. ಇದು ಎಲ್ಲಾ ದೇಶಕ್ಕೂ ಅನ್ವಯ ಆಗೋ ಮಾತು ಬಿಡಿ, ಕಾನೂನು ಇರ್ಲಿ ಇಲ್ದಿರ್ಲಿ, ಮೈಮೇಲೆ ಎಚ್ಚರ ಇಲ್ಲದೆ ಮಲಗಿರೋ ಮನುಷ್ಯನ ಫೋಟೋ ಅದು.

ಯುಕೆ: ಕೈಗೆ ಕೆಲಸ ಕಮ್ಮಿ, ಕಣ್ಣಿಗೆ ಪಾಠ ಜಾಸ್ತಿ

ಯುಕೆ ವಿಸಿಟರ್ ವೀಸಾ ನಿಯಮದಲ್ಲೇ ಬರೆದಿದ್ದಾರೆ, ಹೊರದೇಶದ ಮೆಡಿಕಲ್ ಸ್ಟೂಡೆಂಟ್ ಎಲೆಕ್ಟಿವ್‌ಗೆ ಬರಬಹುದು ಆದ್ರೆ ಸಂಬಳ ಇರ್ಬಾರ್ದು, ಪೇಷಂಟ್‌ಗೆ ಟ್ರೀಟ್‌ಮೆಂಟ್ ಕೊಡ್ಬಾರ್ದು ಅಂತ. ಅಂದ್ರೆ ನೋಡೋಕೇ ಹೋಗ್ತಿದ್ದೀನಿ ಅಂತ ಮನಸ್ಸಲ್ಲಿ ಇಟ್ಕೊಂಡೇ ಹೊರಡ್ಬೇಕು. ಹಾಗಂತ ಇದು ಅಮೆರಿಕಾದ ಅಬ್ಸರ್ವರ್‌ಶಿಪ್ ತರಾನೇ ಅಂತ ತಳ್ಳಿ ಹಾಕೋ ಹಾಗಿಲ್ಲ, ಯಾಕಂದ್ರೆ ಎನ್‌ಎಚ್‌ಎಸ್ (ಅಲ್ಲಿಯ ಸರ್ಕಾರಿ ಆರೋಗ್ಯ ಸೇವೆ) ಓಟಿಯಲ್ಲಿ ಒಂದು ದಿನ ಹೇಗೆ ಶುರುವಾಗುತ್ತೆ ಅಂತ ನೋಡೋದೇ ಒಂದು ಪಾಠ. ಬೆಳಿಗ್ಗೆ ಮೊದಲ ಕೇಸ್‌ಗೆ ಮುಂಚೆ ಸರ್ಜನ್, ಅನಸ್ತೇಷಿಯಾದವರು, ನರ್ಸ್‌ಗಳು ಎಲ್ಲಾ ಒಂದು ಕಡೆ ಸೇರಿ ಹೆಸರು ಹೇಳ್ಕೊಂಡು ಅವತ್ತಿನ ಲಿಸ್ಟಲ್ಲಿರೋ ಒಬ್ಬೊಬ್ಬ ಪೇಷಂಟ್ ಬಗ್ಗೆನೂ ಮಾತಾಡ್ತಾರೆ, ಯಾರಿಗೆ ರಕ್ತ ಬೇಕಾಗ್ಬೋದು, ಯಾವ ಸಲಕರಣೆ ಇನ್ನೂ ಬಂದಿಲ್ಲ, ಯಾರಿಗೆ ಯಾವ ಅಲರ್ಜಿ ಅಂತ. ನೀವು ಯಾರು ಅಂತ ಹೇಳ್ಕೊಳ್ಳೋಕೂ ಅದೇ ಸರಿಯಾದ ಹೊತ್ತು, ತಪ್ಪಿಸ್ಕೋಬೇಡಿ. ಆಮೇಲೆ ಪ್ರತಿ ಕೇಸ್‌ಗೂ ವಿಶ್ವ ಆರೋಗ್ಯ ಸಂಸ್ಥೆಯ ಚೆಕ್‌ಲಿಸ್ಟ್, ಅನಸ್ತೇಷಿಯಾ ಕೊಡೋ ಮುಂಚೆ ಒಂದ್ಸಲ, ಚರ್ಮ ಕೊಯ್ಯೋ ಮುಂಚೆ ಒಂದ್ಸಲ, ಪೇಷಂಟ್ ಓಟಿಯಿಂದ ಹೊರಗೆ ಹೋಗೋ ಮುಂಚೆ ಒಂದ್ಸಲ.

ಈ ಚೆಕ್‌ಲಿಸ್ಟ್ ಬಂದಿದ್ದು 2008ರಲ್ಲಿ, ಒಟ್ಟು 19 ಅಂಶ. ಎಂಟು ಬೇರೆ ಬೇರೆ ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಇಟ್ಟು ನೋಡಿದಾಗ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳೀತು ಅಂತ 2009ರಲ್ಲಿ ಪ್ರಕಟ ಆಯ್ತು. ಹೊಸ ಮೆಷಿನ್ ಇಲ್ಲ, ಹೊಸ ಔಷಧಿ ಇಲ್ಲ, ಬರೀ ನಿಂತು ಬಾಯ್ಬಿಟ್ಟು ಕೇಳೋದು. ಯಾವ ದೇಶಕ್ಕೆ ಹೋದ್ರೂ ಈ ಚೆಕ್‌ಲಿಸ್ಟನ್ನ ಎಷ್ಟು ನಿಜವಾಗಿ ಮಾಡ್ತಾರೆ, ಎಲ್ಲಿ ಬರೀ ಟಿಕ್ ಹಾಕಿ ಬಿಡ್ತಾರೆ ಅಂತ ಗಮನಿಸಿ, ಅಬ್ಸರ್ವರ್ ಆಗಿ ನಿಂತೋರಿಗೆ ಇದಕ್ಕಿಂತ ಒಳ್ಳೆ ಹೋಂವರ್ಕ್ ಇಲ್ಲ.

ಕೆಲವು ಸಣ್ಣ ವಿಚಾರ. ವಾರ್ಡಲ್ಲಿ ಬಿಳಿ ಕೋಟು ಹಾಕಲ್ಲ, ಮೊಣಕೈ ಕೆಳಗೆ ಏನೂ ಇರ್ಬಾರ್ದು, ವಾಚು ಕೂಡ. ಸರ್ಜನ್‌ಗಳನ್ನ ಡಾಕ್ಟರ್ ಅನ್ನದೆ ಮಿಸ್ಟರ್, ಮಿಸ್ ಅಂತ ಕರೀತಾರೆ, ಮೇಲ್ ಬರೆಯುವಾಗ್ಲೂ ಇದು ನೆನಪಿರ್ಲಿ. ಭಾಷೆ ತೊಂದರೆ ಇಲ್ಲದಿರೋದು ದೊಡ್ಡ ಅನುಕೂಲ, ಒಪಿಡಿಯಲ್ಲಿ ಕೂತು ಕನ್ಸಲ್ಟೆಂಟ್ ಒಬ್ಬ ಪೇಷಂಟ್‌ಗೆ ಕ್ಯಾನ್ಸರ್ ಅಂತ ಹೇಗೆ ಹೇಳ್ತಾರೆ, ಕನ್ಸೆಂಟ್ ಹೇಗೆ ತಗೋತಾರೆ ಅನ್ನೋದು ಪ್ರತಿ ಪದ ಅರ್ಥ ಆಗೋ ಕಡೆ ಮಾತ್ರ ಕಲಿಯೋಕಾಗೋದು.

ಜರ್ಮನಿ: ಭಾಷೆ ಇದ್ರೆ ಇದಕ್ಕಿಂತ ಒಳ್ಳೇದು ಕಷ್ಟ

ನನ್ನ ಓಟು ಇದಕ್ಕೆ, ಆದ್ರೆ ಒಂದು ಷರತ್ತಿನ ಮೇಲೆ. ಜರ್ಮನ್ ಸ್ಟೂಡೆಂಟ್ಸ್ ಎಲ್ಲಾ ರಜೆಯಲ್ಲಿ ಒಟ್ಟು ನಾಲ್ಕು ತಿಂಗಳು ಫಾಮುಲಾಟೂರ್ ಮಾಡ್ಲೇಬೇಕು, ಆಮೇಲೆ ಕೊನೇ ವರ್ಷ 48 ವಾರದ ಪ್ರಾಕ್ಟಿಕಲ್ ಇಯರ್, ಅದರಲ್ಲಿ 16 ವಾರ ಸರ್ಜರಿ ಕಡ್ಡಾಯ. ಅಂದ್ರೆ ಅಲ್ಲಿಯ ಆಸ್ಪತ್ರೆಗಳಿಗೆ ಸ್ಟೂಡೆಂಟ್ ಅಂದ್ರೆ ಅತಿಥಿ ಅಲ್ಲ, ಕೆಲಸಕ್ಕೆ ಬಂದಿರೋ ಕೈ. ಬೆಳಿಗ್ಗೆ ವಾರ್ಡಲ್ಲಿ ರಕ್ತ ತೆಗೆಯೋದು ಸ್ಟೂಡೆಂಟ್ಸ್ ಪಾಲಿಗೆ ಬರುತ್ತೆ, ಅದು ಮುಗೀತಿದ್ದ ಹಾಗೆ ಓಟಿಗೆ ಹೋಗಿ ಸೆಕೆಂಡ್ ಅಸಿಸ್ಟೆಂಟ್ ಆಗಿ ಕೊಕ್ಕೆ ಹಿಡಿಯೋದು. ಗಂಟೆಗಟ್ಟಲೆ ರಿಟ್ರಾಕ್ಟರ್ ಹಿಡಿದು ಭುಜ ನೋವು ಬರುತ್ತೆ ನಿಜ, ಆದ್ರೆ ಲಿವರ್ ಕೆಳಗೆ ಏನಿದೆ ಅಂತ ನಿಮ್ಮ ಕಣ್ಣಿಂದ ಒಂದಡಿ ದೂರದಲ್ಲಿ ಕಾಣ್ತಿರುತ್ತೆ, ಸರ್ಜನ್ ಕೈ ಯಾಕೆ ಅಲ್ಲಿ ಒಂದು ಕ್ಷಣ ನಿಂತ್ತು ಅಂತ ಗೊತ್ತಾಗುತ್ತೆ. ಗೋಡೆ ಪಕ್ಕ ನಿಂತೋರಿಗೆ ಇದು ಸಿಗಲ್ಲ.

ಷರತ್ತು ಭಾಷೆ. ಡಾಕ್ಟರುಗಳು ನಿಮ್ಮ ಜೊತೆ ಇಂಗ್ಲಿಷ್ ಮಾತಾಡ್ತಾರೆ, ಪೇಷಂಟು ಮತ್ತು ನರ್ಸು ಮಾತಾಡಬೇಕು ಅಂತೇನಿಲ್ಲ. ಓಟಿಯಲ್ಲಿ ಟೆನ್ಶನ್ ಏರಿದಾಗ ಯಾರೂ ನಿಮಗೋಸ್ಕರ ಇಂಗ್ಲಿಷಲ್ಲಿ ಹೇಳಲ್ಲ. ಜರ್ಮನ್ ಭಾಷೆಯಲ್ಲಿ ಬಿ1 (ಮಧ್ಯಮ) ಮಟ್ಟ ಇದ್ರೆ ಹೇಗೋ ನಡೆಯುತ್ತೆ, ಅದಕ್ಕಿಂತ ಮೇಲಿನ ಬಿ2 ಇದ್ರೆ ಪೂರ್ತಿ ಲಾಭ. ಏನೂ ಬರಲ್ಲ ಅಂದ್ರೆ ಜರ್ಮನಿಗೆ ಹೋದ್ರೂ ನೀವು ಅಬ್ಸರ್ವರ್ರೇ, ಅದೂ ರೌಂಡ್ಸ್ ಅರ್ಥ ಆಗದ ಅಬ್ಸರ್ವರ್. ಆಸ್ಪತ್ರೆ ಆರಿಸುವಾಗ ದೊಡ್ಡ ಯೂನಿವರ್ಸಿಟಿ ಆಸ್ಪತ್ರೆಗಳ ಹಿಂದೆನೇ ಬೀಳ್ಬೇಡಿ, ಅಲ್ಲಿ ಒಂದು ಟೇಬಲ್‌ಗೆ ಟ್ರೈನಿಗಳೇ ಸಾಲಾಗಿ ಕಾದಿರ್ತಾರೆ. ಮಧ್ಯಮ ಗಾತ್ರದ ಊರಿನ ಆಸ್ಪತ್ರೆಯಲ್ಲಿ ಹರ್ನಿಯಾ, ಗಾಲ್‌ಬ್ಲಾಡರ್, ಅಪೆಂಡಿಕ್ಸ್, ಕರುಳಿನ ಕೇಸ್‌ಗಳು ದಿನಾ ನಡೀತವೆ, ಕೈ ಕಮ್ಮಿ ಇರುತ್ತೆ, ನಿಮ್ಮನ್ನ ಕರೀತಾರೆ. ಸ್ಟೂಡೆಂಟ್‌ಗೆ ಕಲಿಯೋಕೆ ಬೇಕಾಗಿರೋದು ಈ ಮಾಮೂಲಿ ಕೇಸ್‌ಗಳೇ, ಮೂರು ವಾರದಲ್ಲಿ ಇಪ್ಪತ್ತು ಗಾಲ್‌ಬ್ಲಾಡರ್ ನೋಡಿದೋರಿಗೆ ಪ್ರತಿಯೊಂದರಲ್ಲೂ ಏನು ಬೇರೆ ಅಂತ ಕಾಣೋಕೆ ಶುರುವಾಗುತ್ತೆ, ಒಂದು ಅಪರೂಪದ ಹನ್ನೆರಡು ಗಂಟೆ ಆಪರೇಷನ್ ನೋಡಿದೋರಿಗೆ ಹೇಳ್ಕೊಳ್ಳೋಕೆ ಒಂದು ವಿಷಯ ಸಿಗುತ್ತೆ ಅಷ್ಟೇ.

ಎಕ್ಸ್‌ಚೇಂಜ್ ಮತ್ತು ಏಜೆನ್ಸಿ

ಐಎಫ್‌ಎಂಎಸ್‌ಎ ಅನ್ನೋ ಮೆಡಿಕಲ್ ಸ್ಟೂಡೆಂಟ್ಸ್ ಅಂತರರಾಷ್ಟ್ರೀಯ ಒಕ್ಕೂಟ 1951ರಿಂದ ಇದೆ, ಅದರ ಎಕ್ಸ್‌ಚೇಂಜ್ ಸಾಮಾನ್ಯವಾಗಿ ನಾಲ್ಕು ವಾರದ್ದು, ಉಳ್ಕೊಳ್ಳೋಕೆ ಜಾಗ ಮತ್ತು ದಿನಕ್ಕೆ ಕನಿಷ್ಠ ಒಂದು ಊಟ ಅವರೇ ನೋಡ್ಕೋತಾರೆ. ಖರ್ಚಿನ ಲೆಕ್ಕದಲ್ಲಿ ಇದನ್ನ ಮೀರ್ಸೋದು ಕಷ್ಟ, ಜೊತೆಗೆ ಅಲ್ಲಿಯ ಸ್ಟೂಡೆಂಟ್ಸ್ ಸ್ನೇಹ ಸಿಗುತ್ತೆ. ತೊಂದರೆ ಏನಂದ್ರೆ ಡಿಪಾರ್ಟ್‌ಮೆಂಟ್‌ಗಳನ್ನ ಇಷ್ಟದ ಕ್ರಮದಲ್ಲಿ ಬರೆದು ಕೊಡ್ಬೇಕು, ಸರ್ಜರಿ ಕೇಳಿದ್ರೆ ಸರ್ಜರಿನೇ ಸಿಗುತ್ತೆ ಅಂತ ಗ್ಯಾರಂಟಿ ಇಲ್ಲ. ಎಷ್ಟು ಕೈಗೆ ಕೆಲಸ ಸಿಗುತ್ತೆ ಅನ್ನೋದು ಆ ಡಿಪಾರ್ಟ್‌ಮೆಂಟ್‌ನ ಟ್ಯೂಟರ್ ಮೇಲೆ ಬಿಟ್ಟಿದ್ದು. ಎರಡನೇ ಮೂರನೇ ವರ್ಷದಲ್ಲಿರೋರಿಗೆ, ಸರ್ಜರಿ ನನಗೆ ಹಿಡಿಸುತ್ತಾ ಅಂತ ತಿಳ್ಕೊಳ್ಳೋಕೆ ಹೋಗೋರಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳೋದು.

ಏಜೆನ್ಸಿಗಳ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಆಸ್ಪತ್ರೆಯ ಹೆಸರು, ಡಿಪಾರ್ಟ್‌ಮೆಂಟ್, ಸೂಪರ್‌ವೈಸ್ ಮಾಡೋ ಸರ್ಜನ್ ಯಾರು ಅಂತ ದುಡ್ಡು ಕಟ್ಟೋ ಮುಂಚೆನೇ ಬರಹದಲ್ಲಿ ಕೊಟ್ರೆ ಮಾತು ಮುಂದುವರಿಸಿ, ಕೊಡದಿದ್ರೆ ಬಿಟ್ಬಿಡಿ. ಇನ್ನು ಯಾವುದಾದ್ರೂ ಜಾಹೀರಾತಲ್ಲಿ ಸ್ಟೂಡೆಂಟ್ ಕೈಲೇ ಆಪರೇಷನ್ ಮಾಡಿಸ್ತೀವಿ ಅಂತಿದ್ರೆ ಆ ಕಡೆ ತಲೆನೂ ಹಾಕ್ಬೇಡಿ, ಯಾಕೆ ಅಂತ ಈಗ ಹೇಳ್ತೀನಿ.

ಬಡ ದೇಶಗಳ ಆಸ್ಪತ್ರೆಗಳು

2015ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗ ಹೇಳಿದ ಪ್ರಕಾರ ಜಗತ್ತಲ್ಲಿ 500 ಕೋಟಿ ಜನಕ್ಕೆ ಸುರಕ್ಷಿತವಾದ, ಕೈಗೆಟಕೋ ಸರ್ಜರಿ ಸಿಗ್ತಿಲ್ಲ. ಸರ್ಜನ್ ಇಲ್ಲದ ಕಡೆ ಹೊರಗಿಂದ ಬಂದ ಸ್ಟೂಡೆಂಟ್ ಕೈಗೂ ಕತ್ತರಿ ಬರುತ್ತೆ, ಎಷ್ಟೋ ಜನ ಅದಕ್ಕೋಸ್ಕರಾನೇ ಅಲ್ಲಿಗೆ ಹೋಗ್ತಾರೆ. ನನ್ನ ಪ್ರಕಾರ ಇದು ತಪ್ಪು. ನಿಮ್ಮ ಕಾಲೇಜಲ್ಲಿ ನೀವು ಮಾಡೋಕೆ ಅನುಮತಿ ಇಲ್ಲದ ಕೆಲಸವನ್ನ ಬೇರೆ ದೇಶದ ಬಡವರ ಮೈಮೇಲೆ ಕಲಿಯೋ ಹಕ್ಕು ಯಾರಿಗೂ ಇಲ್ಲ, ಆ ಪೇಷಂಟ್‌ಗೆ ಬೇರೆ ದಾರಿ ಇಲ್ಲ ಅನ್ನೋದು ಕಾರಣ ಆಗಲ್ಲ. ಗ್ಲೋಬಲ್ ಹೆಲ್ತ್ ಟ್ರೈನಿಂಗ್‌ಗೆ 2010ರಲ್ಲಿ ಬಂದ ವೆಯ್ಟ್ ಅನ್ನೋ ನೈತಿಕ ಮಾರ್ಗಸೂಚಿ ಇದೆ, ಹೋಗೋ ಯೋಚನೆ ಇದ್ರೆ ಒಮ್ಮೆ ಓದಿ. ನಾನಿನ್ನೂ ಸ್ಟೂಡೆಂಟು, ಇದು ನನಗೆ ಬರಲ್ಲ ಅಂತ ಹೇಳೋ ಧೈರ್ಯ ಇರೋರು ಮಾತ್ರ ಹೋಗಿ.

ಹಾಗೆ ಹೋದ್ರೆ ಕಲಿಯೋಕೆ ಬೆಟ್ಟದಷ್ಟಿದೆ. ಸಿಟಿ ಸ್ಕ್ಯಾನ್ ಇಲ್ಲದೆ ಹೊಟ್ಟೆ ಮೇಲೆ ಕೈಯಿಟ್ಟು ತೀರ್ಮಾನ ತಗೊಳ್ಳೋದು, ರೋಗ ಪೂರ್ತಿ ಬಲಿತ ಮೇಲೆ ಬರೋ ಗಡ್ಡೆಗಳು, ಇರೋದ್ರಲ್ಲೇ ಕೆಲಸ ಮುಗಿಸೋ ಸರ್ಜನ್‌ಗಳ ಜಾಣ್ಮೆ. ಟ್ರಾಮಾ (ಅಪಘಾತ, ಹೊಡೆದಾಟದ ಗಾಯದ ಕೇಸ್) ನೋಡ್ಬೇಕು ಅನ್ನೋರಿಗೆ ದಕ್ಷಿಣ ಆಫ್ರಿಕಾ ಮೊದಲಿಂದಲೂ ಹೆಸರುವಾಸಿ, ಜೊಹಾನ್ಸ್‌ಬರ್ಗ್ ಪಕ್ಕದ ಸೊವೆಟೊದಲ್ಲಿರೋ ಕ್ರಿಸ್ ಹಾನಿ ಬರಗ್ವಾನಾಥ್ ಆಸ್ಪತ್ರೆ 3000ಕ್ಕೂ ಹೆಚ್ಚು ಬೆಡ್ ಇರೋ ದೊಡ್ಡ ಆಸ್ಪತ್ರೆ, ಚಾಕು ಮತ್ತು ಗುಂಡಿನ ಗಾಯ ಅಲ್ಲಿ ದಿನನಿತ್ಯದ ಕೆಲಸ. ಕೇಪ್‌ಟೌನಿನ ಗ್ರೂಟ್ ಶೂರ್ ಆಸ್ಪತ್ರೆನೂ ಇದೆ, 1967ರ ಡಿಸೆಂಬರ್ 3ರಂದು ಕ್ರಿಸ್ಟಿಯಾನ್ ಬರ್ನಾರ್ಡ್ ಮೊದಲ ಬಾರಿ ಮನುಷ್ಯನ ಹೃದಯವನ್ನ ಇನ್ನೊಬ್ಬ ಮನುಷ್ಯನಿಗೆ ಜೋಡಿಸಿದ್ದು ಅಲ್ಲೇ.

ಎಚ್‌ಐವಿ ಜಾಸ್ತಿ ಇರೋ ದೇಶಕ್ಕೆ ಹೋಗೋದಾದ್ರೆ ಸೂಜಿ ಚುಚ್ಚಿದ್ರೆ ಏನು ಮಾಡ್ಬೇಕು ಅಂತ ಮೊದಲ ದಿನವೇ ಕೇಳಿ ಇಟ್ಕೊಳ್ಳಿ. ಎಚ್‌ಐವಿ ತಗಲದ ಹಾಗೆ ತಡೆಯೋ ಪೆಪ್ ಮಾತ್ರೆ 72 ಗಂಟೆ ಒಳಗೆ ಶುರು ಮಾಡ್ಬೇಕು, ಬೇಗ ಆದಷ್ಟೂ ಒಳ್ಳೇದು, 28 ದಿನ ತಗೋಬೇಕು. ಆ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಸಿಗುತ್ತಾ, ಇಲ್ಲ ಅಂದ್ರೆ ನೀವೇ ಡಾಕ್ಟರ್ ಹತ್ರ ಬರೆಸ್ಕೊಂಡು ತಗೊಂಡು ಹೋಗ್ಬೇಕಾ ಅಂತ ಹೊರಡೋ ಮುಂಚೆ ತಿಳ್ಕೊಳ್ಳಿ.

ಯಾವ ಸರ್ಜರಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ

ಇದನ್ನ ಯಾರೂ ಹೇಳಲ್ಲ. ನಿಮಗೆ ಸಿಕ್ಕಿರೋದು ಬರೀ ನೋಡೋ ಪೋಸ್ಟಿಂಗ್ ಅಂದ್ರೆ ಸ್ಕ್ರೀನ್ ಇರೋ ಸರ್ಜರಿ ಆರಿಸಿ. ಲ್ಯಾಪರೋಸ್ಕೋಪಿಯಲ್ಲಿ (ಸಣ್ಣ ತೂತಿಂದ ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ಮಾಡೋ ಆಪರೇಷನ್) ಸರ್ಜನ್ ನೋಡೋ ಸ್ಕ್ರೀನನ್ನೇ ನೀವೂ ನೋಡ್ತೀರಿ, ಎಲ್ಲಿ ನಿಂತ್ರೂ ನಡೆಯುತ್ತೆ. ಮೈಕ್ರೋಸ್ಕೋಪ್ ಇಟ್ಕೊಂಡು ಮಾಡೋ ನ್ಯೂರೋ, ಕಿವಿ, ಕಣ್ಣಿನ ಆಪರೇಷನ್‌ಗಳೂ ಹಾಗೇ, ಮಾನಿಟರ್ ಇದ್ರೆ ಪೂರ್ತಿ ಕಾಣುತ್ತೆ. ಕೀಲಿನೊಳಗೆ ಕ್ಯಾಮೆರಾ ಬಿಟ್ಟು ಮಾಡೋ ಆರ್ಥ್ರೋಸ್ಕೋಪಿನೂ ಅಷ್ಟೇ. ರೋಬೋಟಿಕ್ ಕೂಡ ಸ್ಕ್ರೀನಲ್ಲಿ ಚೆನ್ನಾಗಿ ಕಾಣುತ್ತೆ, ಆದ್ರೆ ಸರ್ಜನ್ ದೂರದಲ್ಲಿ ಕನ್ಸೋಲ್ ಒಳಗೆ ತಲೆ ಇಟ್ಕೊಂಡು ಕೂತಿರ್ತಾರೆ, ಮಾತಾಡೋಕೆ ಇಷ್ಟ ಇರೋ ಸರ್ಜನ್ ಸಿಕ್ರೆ ಮಾತ್ರ ಪಾಠ.

ಓಪನ್ ಸರ್ಜರಿಯಲ್ಲಿ ಸ್ಕ್ರಬ್ ಆಗಿಲ್ಲ ಅಂದ್ರೆ ಕಾಣೋದು ತುಂಬಾ ಕಮ್ಮಿ. ಅದರಲ್ಲೂ ಒಳಗೆ ಆಳದಲ್ಲಿ ಮಾಡೋ ಕೆಲಸ, ಉದಾಹರಣೆಗೆ ಗುದನಾಳದ ಕ್ಯಾನ್ಸರ್, ಟೇಬಲ್ ಪಕ್ಕ ನಿಂತೋರಿಗೇ ಕಷ್ಟದಲ್ಲಿ ಕಾಣುತ್ತೆ. ಇಂಥ ಕಡೆ ಇದ್ರೆ ತಲೆ ಕಡೆಗೆ ಹೋಗಿ, ಅನಸ್ತೇಷಿಯಾದವರ ಜಾಗಕ್ಕೆ. ಅವರನ್ನ ಕೇಳಿ, ಒಪ್ಪಿದ್ರೆ ಸ್ಟೂಲ್ ಮೇಲೆ ನಿಂತು ಪರದೆ ಮೇಲಿಂದ ನೋಡ್ಬೋದು, ಹಾರ್ಟ್ ಸರ್ಜರಿ ನೋಡೋಕಂತೂ ಓಟಿಯಲ್ಲಿ ಅದೇ ಒಳ್ಳೆ ಜಾಗ. ಅವರ ಜೊತೆ ಮಾತಾಡ್ತಾ ಬಿಪಿ ಯಾಕೆ ಇಳೀತು, ಈಗ ಏನು ಕೊಟ್ರಿ ಅಂತ ಕೇಳಿದ್ರೆ ಸರ್ಜರಿಯ ಇನ್ನೊಂದು ಅರ್ಧ ಅರ್ಥ ಆಗುತ್ತೆ. ಪರದೆ ಮೇಲೆ ಬಗ್ಗಬೇಡಿ, ಮೈಕೈ ಸ್ಟೆರೈಲ್ ಬಟ್ಟೆಗೆ ತಾಗ್ಬಾರ್ದು. ಬೆಳಿಗ್ಗೆ ತಿಂಡಿ ಬಿಡ್ಬೇಡಿ, ತಲೆ ಸುತ್ತು ಬಂದ್ರೆ ನಾಚ್ಕೊಳ್ಳದೆ ಹಿಂದೆ ಸರಿದು ನೆಲದ ಮೇಲೆ ಕೂತ್ಕೊಳ್ಳಿ, ಇದು ಎಷ್ಟೋ ಒಳ್ಳೆ ಸರ್ಜನ್‌ಗಳಿಗೂ ಶುರುವಲ್ಲಿ ಆಗಿರುತ್ತೆ.

ಲಸಿಕೆ, ಇನ್ಶೂರೆನ್ಸ್, ಟೈಮು

ಎಲ್ಲಾ ದೇಶದಲ್ಲೂ ತಡ ಆಗೋದು ಲಸಿಕೆಯಿಂದ. ಹೆಪಟೈಟಿಸ್ ಬಿ ಮೂರು ಡೋಸ್, ಮೊದಲನೇದು ಆಗಿ ಒಂದು ತಿಂಗಳಿಗೆ ಎರಡನೇದು, ಆರು ತಿಂಗಳಿಗೆ ಮೂರನೇದು, ಅದಾಗಿ ಒಂದೆರಡು ತಿಂಗಳ ಮೇಲೆ ಟೈಟರ್ (ರಕ್ತದಲ್ಲಿ ಲಸಿಕೆಯಿಂದ ಬಂದ ಪ್ರತಿಕಾಯ ಎಷ್ಟಿದೆ ಅನ್ನೋ ಟೆಸ್ಟ್) ಮಾಡಿಸಿ 10ಕ್ಕಿಂತ ಮೇಲಿದೆ ಅಂತ ತೋರಿಸ್ಬೇಕು. ಕೂಡಿ ನೋಡಿ, ಎಂಟು ತಿಂಗಳಾಯ್ತು. ಚಿಕ್ಕಂದಿನಲ್ಲೇ ಹಾಕಿಸಿದ್ರೂ ಟೈಟರ್ ಕೇಳೋ ಆಸ್ಪತ್ರೆಗಳೇ ಜಾಸ್ತಿ, ಹಾಗಾಗಿ ಬ್ಲಡ್ ಟೆಸ್ಟ್ ಇವತ್ತೇ ಮಾಡಿಸಿ. ಎಂಎಂಆರ್, ಚಿಕನ್‌ಪಾಕ್ಸ್, ಟಿಬಿ ಟೆಸ್ಟ್ ಕೂಡ ಕೇಳ್ತಾರೆ. ಯುಕೆಯಲ್ಲಿ ಸರ್ಜನ್ ಕೈ ಪೇಷಂಟ್ ಮೈಯೊಳಗೆ ಹೋಗೋ ತರದ ಕೆಲಸಕ್ಕೆ ಸ್ಕ್ರಬ್ ಆಗ್ಬೇಕಂದ್ರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಮೂರೂ ಟೆಸ್ಟ್ ರಿಪೋರ್ಟ್ ಬೇಕು. ಅದಲ್ಲದೆ ನಿಮ್ಮ ಆರೋಗ್ಯಕ್ಕೆ ಒಂದು ಇನ್ಶೂರೆನ್ಸು, ನಿಮ್ಮಿಂದ ಪೇಷಂಟ್‌ಗೆ ಹಾನಿ ಆದ್ರೆ ಅಂತ ಇನ್ನೊಂದು, ಎರಡನ್ನೂ ಒಂದೇ ಅಂದ್ಕೋಬೇಡಿ.

ಹಾಗಾದ್ರೆ ಯಾರು ಎಲ್ಲಿಗೆ? ಅಮೆರಿಕಾ ರೆಸಿಡೆನ್ಸಿ ಗುರಿ ಇದ್ದು ಇನ್ನೂ ಸ್ಟೂಡೆಂಟ್ ಆಗಿದ್ರೆ ಸಾಲ ಮಾಡೋಕೂ ಯೋಚಿಸಬಹುದಾದ್ದು ಅಲ್ಲಿಯ ಎಲೆಕ್ಟಿವ್‌ಗೆ ಮಾತ್ರ, ಅಬ್ಸರ್ವರ್‌ಶಿಪ್‌ಗೆ ಸಾಲ ಬೇಡ. ಜರ್ಮನ್ ಕಲೀತಿದ್ರೆ ಇನ್ನೊಂದು ಆರು ತಿಂಗಳು ಕಾದು ಬಿ1 ಮುಗಿಸ್ಕೊಂಡೇ ಹೋಗಿ. ಪೇಷಂಟ್ ಜೊತೆ ಮಾತು, ಟೀಮ್ ಕೆಲಸ, ಓಟಿ ಶಿಸ್ತು ನೋಡ್ಬೇಕು ಅನ್ನೋರಿಗೆ ಯುಕೆ. ದುಡ್ಡು ಕಮ್ಮಿ ಇದ್ದು ಕುತೂಹಲ ಜಾಸ್ತಿ ಇದ್ರೆ ಎಕ್ಸ್‌ಚೇಂಜ್.

ಎಲ್ಲಿಗೇ ಆದ್ರೂ ಮೇಲ್ ಬರೆಯುವಾಗ ನಾನು ಸರ್ಜರಿಯಲ್ಲಿ ಆಸಕ್ತಿ ಇರೋ ವಿದ್ಯಾರ್ಥಿ ಅಂತ ಒಂದು ಪುಟ ಬರೆಯೋ ಬದಲು ಯಾವ ವರ್ಷ, ಯಾವ ತಾರೀಕಿಂದ ಯಾವ ತಾರೀಕು, ಯಾವ ಲಸಿಕೆ ಆಗಿದೆ ಅಂತ ನಾಲ್ಕು ಸಾಲಲ್ಲಿ ಹೇಳಿ ಮೂರು ಪ್ರಶ್ನೆ ಕೇಳಿ. ಸ್ಟೂಡೆಂಟ್ ಸ್ಕ್ರಬ್ ಆಗೋಕೆ ಅವಕಾಶ ಇದೆಯಾ, ನನ್ನ ಜೊತೆ ಅದೇ ಹೊತ್ತಿಗೆ ಇನ್ನೆಷ್ಟು ಜನ ಇರ್ತಾರೆ, ದಿನದಿನದ ಕೆಲಸಕ್ಕೆ ನಾನು ಯಾರ ಹಿಂದೆ ಇರ್ತೀನಿ. ಎರಡನೇ ಪ್ರಶ್ನೆ ಬಿಡ್ಬೇಡಿ, ಒಂದು ಟೇಬಲ್‌ಗೆ ಐದು ಜನ ಅಬ್ಸರ್ವರ್ ಇದ್ರೆ ಯಾವ ದೇಶ ಆದ್ರೂ ಕಾಣೋದು ಬೆನ್ನೇ. ಡಿಪಾರ್ಟ್‌ಮೆಂಟ್ ಕೋಆರ್ಡಿನೇಟರ್‌ಗೂ ಸಿಸಿ ಹಾಕಿ, ಎರಡು ವಾರದಲ್ಲಿ ಉತ್ತರ ಬರದಿದ್ರೆ ಅದೇ ಮೇಲ್ ಮೇಲೆ ಒಂದು ಸಾಲು ಸೇರಿಸಿ ಮತ್ತೆ ಕಳ್ಸಿ.